ಮತವಿಲ್ಲದವರ ಬೆಂಚು

ಇವತ್ತು ಅವನು ಕೂಗಬೇಕಾಗಿದ್ದದ್ದು ಒಂದೇ ಒಂದು ಮಾತು. "ತಡೆ." ಕನ್ನಡಿಯೆದುರು ಗಡ್ಡ ಹೆರೆದುಕೊಳ್ಳುತ್ತ ಆಲ್ಡೆನ್ ಪ್ರೌಟಿ ಅದನ್ನು ಮೆಲ್ಲಗೆ ಅಂದು ನೋಡಿದ. ಮಾತು ಸೋಪಿನ ನೊರೆಯೊಳಗೇ ಉಳಿದುಹೋಯಿತು. ಇನ್ನೊಮ್ಮೆ ಸ್ವಲ್ಪ ಗಟ್ಟಿಯಾಗಿ ಅಂದ. ಕೋರ್ಟಿನಲ್ಲಿ ಮೂವತ್ತು ವರ್ಷ ಸವೆದ ಗಂಟಲು, ಭಾನುವಾರ ಚರ್ಚಿನಲ್ಲಿ ದೇವರ ವಾಕ್ಯ ಓದುವ ಗಂಟಲು, ಎರಡಕ್ಷರಕ್ಕೆ ಹೀಗೆ ಅಳುಕುತ್ತದಲ್ಲ ಎಂದು ಅವನಿಗೆ ತನ್ನ ಮೇಲೆಯೇ ಅನುಮಾನ ಬಂತು. ಅಡಿಗೆಮನೆಯಲ್ಲಿ ಸೇಬಿನ ಪೈಗೆ ಹಿಟ್ಟು ಲಟ್ಟಿಸುತ್ತಿದ್ದ ಹೆಂಡತಿ ಮೇವಿಸ್, "ಅದೇನು ತಡೀತಿದ್ದೀಯ ಒಳಗೆ?" ಎಂದು ಕೇಳಿದಳು. "ಏನಿಲ್ಲ." "ನಿಮ್ಮಪ್ಪನೂ ಹಂಗೇ ಅಂತಿದ್ರು. ಪ್ರಾಣ ಹೋಗೋವಾಗ ಏನಾಗ್ತಿದೆ ಅಂದ್ರೆ, ಏನಿಲ್ಲ." ಅವಳ ನಗು ಲಟ್ಟಣಿಗೆಯ ಸದ್ದಿನಲ್ಲಿ ಕಲೆತುಹೋಯಿತು. ಟಿಲ್ಬರಿಯ ಜನವೇ ಹಾಗೆ. ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆಯೆಂದು ಕೇಳುವುದು ಅವರ ಪಾಲಿಗೆ ಮುಚ್ಚಿದ ಬಾಗಿಲನ್ನು ದೂಡಿದಷ್ಟು ಅಸಹ್ಯ. ಗಂಡ ಹೆಂಡತಿಯನ್ನು ಕೇಳುವುದಿಲ್ಲ, ಪಾದ್ರಿ ಪಾಪಿಯನ್ನು ಕೇಳುವುದಿಲ್ಲ. ಹಾಗೆ ಕೇಳದೆ ಇರುವುದಕ್ಕೆ ಅವರು ಮರ್ಯಾದೆಯೆಂದು ಹೆಸರಿಟ್ಟುಕೊಂಡು ಮುನ್ನೂರು ವರ್ಷ ಬಾಳಿದ್ದಾರೆ.

ಅಕ್ಟೋಬರಿನ ಶನಿವಾರ. ಶಾಲೆಯ ಆಟದ ಮನೆಯಲ್ಲಿ ಊರಸಭೆ. ಊರಿನ ಮತದಾರರೆಲ್ಲ ಒಂದೆಡೆ ಕೂತು ಹಳದಿ ಕಾರ್ಡು ಎತ್ತಿ ಊರಿನ ಕಟ್ಟಳೆಗಳನ್ನು ತಾವೇ ಕಟ್ಟುವ, ತಾವೇ ಬಿಚ್ಚುವ ದಿನ. ಜಗಳವಿಲ್ಲದ ಸಣ್ಣಪುಟ್ಟ ಕಲಮುಗಳನ್ನೆಲ್ಲ ಒಂದು ಕಟ್ಟು ಕಟ್ಟಿ, ಅಧ್ಯಕ್ಷೆ ಬರೀ ನಂಬರು ಓದಿಕೊಂಡು ಹೋಗುತ್ತಾಳೆ. ಕೊನೆಗೆ ಎಲ್ಲರೂ ಒಂದೇ ಸಲ ಕಾರ್ಡು ಎತ್ತಿದರೆ ಅಷ್ಟೂ ಪಾಸು. ಯಾವುದಾದರೂ ಒಂದರ ಮೇಲೆ ಮಾತಾಡಲೇಬೇಕೆಂದಿದ್ದರೆ, ಅದರ ನಂಬರು ಬಂದಾಗ ಮತದಾರನೊಬ್ಬ "ತಡೆ" ಎಂದು ಕೂಗಬೇಕು. ಆಗ ಅದೊಂದು ಕಟ್ಟಿನಿಂದ ಹೊರಗೆ ಬರುತ್ತದೆ. ಈ ಸಲ ಕಟ್ಟಿನಲ್ಲಿ ಸ್ಮಶಾನದ ಹುಲ್ಲು ಕತ್ತರಿಸುವ ಗುತ್ತಿಗೆಗೂ ನಾಯಿಗಳ ಲೈಸೆನ್ಸಿಗೂ ನಡುವೆ ಹನ್ನೊಂದನೆಯ ಕಲಮು ಮಲಗಿತ್ತು: ಬರ್ಮಾ ಕಟ್ಟಳೆಯನ್ನು ರದ್ದು ಮಾಡತಕ್ಕದ್ದು.

ಹೌದು, ಟಿಲ್ಬರಿಯೆಂಬ ಈ ಅಂಗೈಯಗಲದ ಊರು ನಾಲ್ಕು ವರ್ಷ ಹಿಂದೆ ಒಂದು ದೇಶಕ್ಕೇ ಬಹಿಷ್ಕಾರ ಹಾಕಿತ್ತು. ಬರ್ಮಾದ ಸೇನಾ ಸರ್ಕಾರದ ಜೊತೆ ವ್ಯಾಪಾರ ಮಾಡುವ ಯಾವ ಕಂಪನಿಯಿಂದಲೂ ಊರು ಒಂದು ಪೆನ್ಸಿಲನ್ನೂ ಕೊಳ್ಳತಕ್ಕದ್ದಲ್ಲ. ಬರೆದವನು ಆಲ್ಡೆನ್, ಆಗ ಅವನೇ ಊರಿನ ವಕೀಲ. ಆವತ್ತು ಬ್ಯಾಸ್ಕೆಟ್‌ಬಾಲ್ ಬಳೆಯ ಕೆಳಗೆ, ಹಗ್ಗದಾಚೆಗಿನ ಮತವಿಲ್ಲದವರ ಬೆಂಚಿನಿಂದ ಒಬ್ಬ ಸಣ್ಣ ಹೆಂಗಸು ಎದ್ದು ನಿಂತಿದ್ದಳು. ಹೆಸರು ಏ ಸಂದಾ, ಬರ್ಮಾದವಳು, ಔಷಧಿ ಅಂಗಡಿಯಲ್ಲಿ ಮಾತ್ರೆ ಕಟ್ಟಿಕೊಡುವವಳು. ಗಂಡ ರಂಗೂನಿನ ಜೈಲಿನಲ್ಲಿ. ಪೌರತ್ವ ಇಲ್ಲದವಳು ಸಭೆಯಲ್ಲಿ ಮಾತಾಡಬೇಕಾದರೆ ಸಭೆ ಕಾರ್ಡು ಎತ್ತಿ ಒಪ್ಪಬೇಕು. ಆವತ್ತು ಇಡೀ ಆಟದ ಮನೆ ಸೂರ್ಯಕಾಂತಿ ಹೊಲದ ಹಾಗೆ ಹಳದಿಯಾಗಿತ್ತು. ಅವಳು ಮಾತಾಡಿದಳು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಮೇಲೆ ಅಧ್ಯಕ್ಷೆ ಮಿಸೆಸ್ ಹ್ಯಾಪ್‌ಗುಡ್ ಕನ್ನಡಕದ ಮೇಲಿಂದ ಅವನನ್ನು ನೋಡಿ, "ವಕೀಲರೇ, ಕೋರ್ಟಿನಲ್ಲಿ ಇದು ನಿಲ್ಲುತ್ತಾ?" ಎಂದಳು. ಆ ಗಳಿಗೆಯಲ್ಲಿ ಅವನ ಕಿವಿಯಲ್ಲಿ ಚಪ್ಪಾಳೆ ಇನ್ನೂ ಇತ್ತು. ಸಂಬಂಧವಿಲ್ಲದೆ ನೆನಪಾಗಿದ್ದು ಕಾನೂನು ಕಾಲೇಜಿನ ಒಂದು ತಣ್ಣನೆಯ ಕೋಣೆ, ಕೆಮ್ಮುತ್ತಲೇ ಪಾಠ ಹೇಳುತ್ತಿದ್ದ ಒಬ್ಬ ಮುದುಕ: ಪರದೇಶದ ಜೊತೆ ಮಾತಾಡಲಿಕ್ಕೆ ಈ ದೇಶಕ್ಕೆ ಇರುವುದು ಒಂದೇ ಬಾಯಿ, ಸ್ನೇಹವಾದರೂ ಅದೇ, ಸಿಟ್ಟಾದರೂ ಅದೇ, ರಾಜ್ಯಕ್ಕೊಂದು ಊರಿಗೊಂದು ಬಾಯಿ ಸಂವಿಧಾನ ಕೊಟ್ಟಿಲ್ಲ. ಗೊತ್ತಿತ್ತು. ಹಸಿವಿದ್ದವನಿಗೆ ಹಸಿವು ಗೊತ್ತಿರುವಷ್ಟು ಸ್ಪಷ್ಟವಾಗಿ ಗೊತ್ತಿತ್ತು. "ನಿಲ್ಲುತ್ತದೆ," ಎಂದ. ಸಂದಾ ಹಗ್ಗದಾಚೆಯಿಂದ ಎರಡೂ ಕೈ ಜೋಡಿಸಿ ತಲೆ ಬಾಗಿದಳು. ಆವತ್ತಿನಿಂದ ಅವನನ್ನು "ಸಯಾ" ಎಂದೇ ಕರೆದಳು. ಅವರ ಕಡೆ ಮೇಷ್ಟರಿಗೆ ಹಾಗೆ ಅನ್ನುತ್ತಾರಂತೆ.

ಮೇವಿಸ್ ಪೈಗಳನ್ನು ಕಾರಿನ ಹಿಂದಿನ ಸೀಟಿನ ಮೇಲೆ ಕೂಸುಗಳ ಹಾಗೆ ಮಲಗಿಸಿದಳು. ದಾರಿಯುದ್ದಕ್ಕೂ ದಾಲ್ಚಿನ್ನಿಯ ವಾಸನೆ. ಮೇಪಲ್ ಎಲೆಗಳು ಗಾಜಿಗೆ ಬಂದು ಅಂಟುತ್ತಿದ್ದವು. ನಾಲ್ಕು ವರ್ಷ ಆ ಕಟ್ಟಳೆಯ ಪುಣ್ಯವನ್ನು ಎಲ್ಲರೂ ಹಂಚಿಕೊಂಡಿದ್ದರು, ಅದರ ಕಷ್ಟ ಮಾತ್ರ ಊರಕಚೇರಿಯ ಪಾಲಿಗೆ ಬಂದಿತ್ತು. ಒಳ್ಳೆಯ ಕಂಪನಿಯ ಜೆರಾಕ್ಸ್ ಮಷೀನು ಕೊಳ್ಳುವ ಹಾಗಿಲ್ಲದೆ ಯಾವುದೋ ಮೊಂಡನ್ನು ತಂದಿದ್ದರು. ಅದು ಮಳೆ ಬಂದಾಗಲೆಲ್ಲ ಕಾಗದ ನುಂಗುತ್ತಿತ್ತು. "ಪ್ರೌಟಿ, ನಿನ್ನ ಬರ್ಮಾ ಮತ್ತೆ ಕಾಗದ ತಿಂತು ನೋಡಯ್ಯ," ಎಂದು ಗುಮಾಸ್ತೆಯರು ಫೋನು ಮಾಡುತ್ತಿದ್ದರು. ಅಗ್ನಿಶಾಮಕದ ಮುಖ್ಯಸ್ಥ ರೆಮಿ ಗೊಡೆಟ್‌ನ ವಾಕಿಟಾಕಿಗಳದು ಅದಕ್ಕಿಂತ ದೊಡ್ಡ ಕಥೆ. ಬೇಸಿಗೆಯಲ್ಲಿ ವಾಷಿಂಗ್ಟನ್ನಿನ ದೊಡ್ಡ ನ್ಯಾಯಾಲಯ ಇದೇ ತರಹದ, ಈ ರಾಜ್ಯದ್ದೇ ಕಾನೂನನ್ನು ತೆಗೆದುಹಾಕಿತು. ಒಬ್ಬ ನ್ಯಾಯಾಧೀಶನೂ ಬೇರೆ ಮಾತಾಡಲಿಲ್ಲ. ರಾಜ್ಯದ್ದೇ ಬಿದ್ದಮೇಲೆ ಊರಿನದು ಯಾವ ಲೆಕ್ಕ? ಆ ದಿನ ಆಲ್ಡೆನ್‌ಗೆ ದುಃಖವಾಗಲಿಲ್ಲ. ಒಳಗೆ ಎಲ್ಲೋ, ತೋರಿಸಿಕೊಳ್ಳಲಾಗದ ಜಾಗದಲ್ಲಿ, ನಾನು ಕಲಿತದ್ದು ಸರಿಯಾಗಿಯೇ ಇತ್ತು ಎಂಬ ಸಣ್ಣ ಸಮಾಧಾನವಾಯಿತು. ಆ ಸಮಾಧಾನವನ್ನು ಅವನು ಇನ್ನೂ ಕ್ಷಮಿಸಿಲ್ಲ.

ಹೋದ ವಾರ ರಕ್ತದೊತ್ತಡದ ಮಾತ್ರೆಗೆಂದು ಹೋದಾಗ ಸಂದಾ ಮಾತ್ರೆಯ ಡಬ್ಬಿಯನ್ನು ಕೊಡದೆ ಕೈಯಲ್ಲೇ ಇಟ್ಟುಕೊಂಡಿದ್ದಳು.

"ಸಯಾ, ಅದನ್ನ ತೆಗೀಬೇಕು ಅಂತ ನಂಗೂ ಗೊತ್ತು. ಕಾನೂನು ಅಂದಮೇಲೆ ಕಾನೂನು. ತೆಗೀಬೇಡಿ ಅನ್ನಲ್ಲ ನಾನು."

"ಮತ್ತೆ?"

"ತೆಗೆಯೋದಕ್ಕೆ ಮುಂಚೆ ಮೂರು ನಿಮಿಷ ಮಾತಾಡ್ಬೇಕು. ಅಷ್ಟೇ. ಆ ಕಟ್ಟಿನೊಳಗೆ ಇದ್ದುಬಿಟ್ರೆ ನಂಬರು ಓದ್ತಾರೆ, ಮುಗೀತು. ನಂಗೆ ಕೂಗೋ ಹಕ್ಕಿಲ್ಲ. ನೀವು ಕೂಗ್ತೀರಾ?"

"ಕೂಗ್ತೀನಿ."

"ಆಣೆ?"

"ಆಣೆ ಯಾಕೆ, ಕೂಗ್ತೀನಿ ಅಂದ್ನಲ್ಲ."

ಅವಳು ನಕ್ಕಳು. "ಮಾತ್ರೆ ಊಟ ಆದಮೇಲೆ. ಖಾಲಿ ಹೊಟ್ಟೇಲಿ ತಗೊಂಡು ಬೀಳಬೇಡಿ ಮತ್ತೆ."

ಏನು ಮಾತಾಡುತ್ತೀಯ ಎಂದು ಅವನು ಕೇಳಲಿಲ್ಲ. ಕೇಳುವುದು ಆ ಊರಿನ ಪದ್ಧತಿಯಲ್ಲ. ಆದರೆ ಆ ರಾತ್ರಿಯಿಂದ ಅವಳ ಮೂರು ನಿಮಿಷಗಳನ್ನು ಅವನೇ ಅವಳ ದನಿಯಲ್ಲಿ ಮಾತಾಡಿಕೊಳ್ಳತೊಡಗಿದ. ಎಲ್ಲಿಂದ ಶುರುಮಾಡಿದರೂ ಅದು ಅಲ್ಲಿಗೇ ಬಂದು ನಿಲ್ಲುತ್ತಿತ್ತು. ನಿಲ್ಲುತ್ತದೆ ಅಂದಿದ್ದರು ಈ ಪ್ರೌಟಿ ಸಯಾ. ಅವರ ಮಾತು ನಂಬಿ ನನ್ನ ಗಂಡನಿಗೆ ಸುದ್ದಿ ಕಳಿಸಿದ್ದೆ. ಇವತ್ತು ಅವನಿಗೆ ಏನಂತ ಹೇಳಲಿ? ಆ ಕಲ್ಪನೆಯಲ್ಲಿ ಇಡೀ ಸಭೆ ತಿರುಗಿ ಆಲ್ಡೆನ್‌ನನ್ನು ನೋಡುತ್ತಿತ್ತು. ಪ್ರಾರ್ಥನೆಗೆ ಮೊಣಕಾಲೂರಿದಾಗಲೂ ಹಾಸಿಗೆಯ ಅಂಚಿನಲ್ಲಿ ಆ ಕಣ್ಣುಗಳು ಸಾಲಾಗಿ ಕೂತಿರುತ್ತಿದ್ದವು. ದೇವರೇ, ನನ್ನ ನಾಲಿಗೆಯನ್ನು ನೇರ ಮಾಡು ಎಂದು ಬೇಡಬೇಕೆಂದಿದ್ದವನು, ದೇವರೇ, ಅವಳು ಅದೊಂದನ್ನು ಹೇಳದಿರಲಿ ಎಂದು ಬೇಡಿ ಎದ್ದುಬಿಡುತ್ತಿದ್ದ.

ಆಟದ ಮನೆಯಲ್ಲಿ ಮಡಚುವ ಕುರ್ಚಿಗಳ ಸದ್ದು, ಒದ್ದೆ ಕೋಟುಗಳ ವಾಸನೆ, ಪಕ್ಕದ ಊಟದ ಕೋಣೆಯಲ್ಲಿ ಆಗಲೇ ಕುದಿಯುತ್ತಿದ್ದ ಚೌಡರಿನ, ಹಾಲು ಬೆರೆಸಿದ ಗಟ್ಟಿ ಮೀನಿನ ಸಾರಿನ, ವಾಸನೆ. ಬಾಗಿಲಲ್ಲಿ ಹೆಸರು ನೋಡಿ ಹಳದಿ ಕಾರ್ಡು ಕೊಟ್ಟರು. ಗೊಡೆಟ್ ಪಕ್ಕದ ಕುರ್ಚಿಗೆ ತನ್ನ ದೊಡ್ಡ ಮೈಯನ್ನು ಇಳಿಸಿದ.

"ಇವತ್ತು ನಿನ್ನ ಕೂಸಿನ ಉತ್ತರಕ್ರಿಯೆ ಕಣಯ್ಯ. ಕಪ್ಪು ಟೈ ಕಟ್ಕೊಂಡು ಬರೋದಲ್ವಾ?"

"ನಿಂಗೆ ಹೊಸ ವಾಕಿಟಾಕಿ ಸಿಗುತ್ತಲ್ಲ, ನಗು."

"ನಗ್ತೀನಿ, ಯಾಕೆ ನಗಬಾರ್ದು? ಮೊನ್ನೆ ಕೊಟ್ಟಿಗೆಗೆ ಬೆಂಕಿ ಬಿದ್ದಾಗ ನೀರು ಬಿಡ್ರೋ ಅಂತ ಇದರಲ್ಲಿ ಕೂಗಿದ್ರೆ, ಆ ಕಡೆ ಯಾರೋ ಹಾಡ್ತಾ ಇದ್ದ." ಆಮೇಲೆ ದನಿ ತಗ್ಗಿಸಿ, ಹಗ್ಗದ ಕಡೆ ಗದ್ದ ತೋರಿಸಿದ. "ಬಂದಿದಾಳೆ ನೋಡು. ಮಾತಾಡ್ತಾಳಾ?"

"ಗೊತ್ತಿಲ್ಲ."

"ಮಾತಾಡದೆ ಇರ್ಲಿ ಮಾರಾಯ. ಅವಳ ಮುಖ ನೋಡಕ್ಕಾಗಲ್ಲ. ನಮ್ಮಮ್ಮ ಕಾಯಿಲೆ ಬಿದ್ದಾಗ ಆ ಹೆಂಗಸು ಹಿಮದಲ್ಲಿ ನಡ್ಕೊಂಡು ಬಂದು ಔಷಧಿ ಕೊಟ್ಟು ಹೋಗಿದ್ಳು. ಈಗ ಅವಳ ಕೈಲಿ ಬೈಸ್ಕೋಬೇಕಾ? ಸದ್ದಿಲ್ಲದೆ ಮುಗಿದುಹೋದ್ರೆ ಸಾಕು."

ಸಂದಾ ಬೆಂಚಿನ ತುದಿಯಲ್ಲಿ ಕೂತಿದ್ದಳು. ಕಪ್ಪು ಕೋಟಿನ ಕೆಳಗೆ ಅವರ ಕಡೆಯ ಉದ್ದನೆಯ ರೇಷ್ಮೆ ಲುಂಗಿ, ತುರುಬಿನಲ್ಲಿ ಅಂಗಡಿಯಲ್ಲಿ ಸಿಗುವ ಯಾವುದೋ ಬಿಳಿ ಹೂವು. ಹಬ್ಬಕ್ಕೆ ಹೊರಟವಳ ಹಾಗಿದ್ದಳು. ಬೈಯಲು ಬಂದವರು ಹೀಗೆ ಉಡುತ್ತಾರೆಯೇ ಎಂದು ಒಂದು ಕ್ಷಣ ಅನ್ನಿಸಿತು. ಆ ಯೋಚನೆಯನ್ನು ಮುಂದುವರಿಸಲು ಅವನಿಗೆ ಧೈರ್ಯವಾಗಲಿಲ್ಲ. ಅಷ್ಟರಲ್ಲಿ ಪಾದ್ರಿ ಪ್ರಾರ್ಥನೆ ಹೇಳಿದರು. ಎಲ್ಲರೂ ತಲೆ ತಗ್ಗಿಸಿದರು. ತಗ್ಗಿಸಿದ ತಲೆಗಳ ನಡುವೆ ಅವಳೊಬ್ಬಳ ಮುಖ ಮಾತ್ರ ಮೇಲೆದ್ದು, ಕಣ್ಣು ಮುಚ್ಚಿ, ತುಟಿ ಅಲುಗುತ್ತಿತ್ತು. ಅಲ್ಲಿ ಯಾವ ದೇವರಿಗೆ ಯಾವ ಮಾತು ಹೋಗುತ್ತಿತ್ತೋ.

ಮಿಸೆಸ್ ಹ್ಯಾಪ್‌ಗುಡ್ ನಂಬರು ಓದತೊಡಗಿದಳು. ಶಾಲೆಯ ಹೆಡ್‌ಮಿಸ್ ಆಗಿದ್ದವಳ ಹಾಜರಿ ಕೂಗುವ ದನಿ. ಏಳು. ಎಂಟು. ಆಲ್ಡೆನ್‌ಗೆ ಬಾಲ್ಯದ ಒಂದು ಬೇಸಿಗೆ ನೆನಪಿಗೆ ಬಂತು. ಕೆರೆಯ ಬಂಡೆಯ ಮೇಲೆ ಹುಡುಗರು ಒಬ್ಬೊಬ್ಬರಾಗಿ ಧುಮುಕುತ್ತಿದ್ದರು, ಅವನ ಸರದಿ ಬರುತ್ತಿತ್ತು, ಅವನು ಬೂಟಿನ ಲೇಸು ಕಟ್ಟಿಕೊಳ್ಳಲು ಬಗ್ಗುತ್ತಿದ್ದ. ಒಂಬತ್ತು. ಹತ್ತು, ಸ್ಮಶಾನದ ಹುಲ್ಲು. ಹನ್ನೊಂದು.

"ತಡೆ!"

ದನಿ ಬಂದಿತ್ತು. ಬೇಕಾದ್ದಕ್ಕಿಂತ ಗಟ್ಟಿಯಾಗಿಯೇ, ಹೆದರಿದ ನಾಯಿ ಬೊಗಳಿದಂತೆ ಬಂದಿತ್ತು. ಇನ್ನೂರು ತಲೆಗಳು ತಿರುಗಿದವು. ಯಾರೋ ನಿಟ್ಟುಸಿರುಬಿಟ್ಟರು. ಹಿಂದಿನ ಸಾಲಿನಿಂದ, "ಚೌಡರು ಗಟ್ಟಿಯಾಗುತ್ತೆ ಪ್ರೌಟಿ, ಬೇಗ ಮುಗ್ಸು," ಎಂಬ ಮಾತು ಬಂತು. ಜನ ನಕ್ಕರು. ಉಳಿದ ಕಟ್ಟು ಒಂದೇ ಏಟಿಗೆ ಪಾಸಾಯಿತು. ಹನ್ನೊಂದನೆಯದು ಒಂದೇ ಉಳಿಯಿತು.

"ಹೇಳಿ, ಮಿಸ್ಟರ್ ಪ್ರೌಟಿ," ಎಂದಳು ಅಧ್ಯಕ್ಷೆ.

"ಕಲಮಿಗೆ ನನ್ನ ವಿರೋಧ ಇಲ್ಲ. ಇದರ ಮೇಲೆ... ಮತವಿಲ್ಲದವರೊಬ್ಬರು ಮಾತಾಡ್ಬೇಕು ಅಂತಾರೆ. ಸಭೆ ಒಪ್ಪಬೇಕು ಅಂತ ಕೇಳ್ತೀನಿ."

ಹೆಸರು ಹೇಳಲಿಲ್ಲ ಎಂಬುದು ಬಾಯಿ ಮುಚ್ಚಿದ ಮೇಲೆ ಹೊಳೆಯಿತು. ಮಿಸೆಸ್ ಹ್ಯಾಪ್‌ಗುಡ್ ಹಗ್ಗದ ಕಡೆ ನೋಡಲಿಲ್ಲ. ಎದುರಿಗಿದ್ದ ಕಾಗದ ನೋಡಿಕೊಂಡೇ, "ಒಪ್ಪುವವರು ಕಾರ್ಡು ಎತ್ತಿ," ಎಂದಳು.

ಕಾರ್ಡುಗಳು ಎದ್ದವು. ಅವನು ನಿಂತೇ ಇದ್ದುದರಿಂದ ಎಲ್ಲವೂ ಕಾಣುತ್ತಿತ್ತು. ಚರ್ಚಿನಲ್ಲಿ ಆರ್ಗನ್ ನುಡಿಸುವ ಮುದುಕಿ. ಇಬ್ಬರು ಟೀಚರುಗಳು. ಮುಂದಿನ ಸಾಲಿನಲ್ಲಿ ಒಂದು ಗುಂಪು. ಮೇವಿಸ್ ಊಟದ ಕೋಣೆಯ ಬಾಗಿಲಿಗೆ ಬಂದು, ಹಿಟ್ಟು ಮೆತ್ತಿದ ಕೈಯಲ್ಲೇ ಎತ್ತಿದ್ದಳು. ಅವನು ಅಂದುಕೊಂಡದ್ದಕ್ಕಿಂತ ಹೆಚ್ಚು ಕಾರ್ಡು, ಬಹಳ ಹೆಚ್ಚು. ಇನ್ನು ಕೆಲವು ಎದ್ದರೆ ಸಾಕು. ಎತ್ತದವರು ಸಿಟ್ಟಿನಲ್ಲಿರಲಿಲ್ಲ. ಅವರು ತಂತಮ್ಮ ಬೂಟು ನೋಡಿಕೊಳ್ಳುತ್ತಿದ್ದರು. ಅವಳು ಮಾತಾಡಿದರೆ ನಮ್ಮ ಮುಖ ಎಲ್ಲಿಡುವುದು ಎಂಬುದೊಂದೇ ಅವರ ಅಳಲು. ಆಲ್ಡೆನ್‌ಗೆ ಅವರ ಮೇಲೆ ಕರುಣೆ ಬಂತು. ತನ್ನ ಎಡಗೈ ಪ್ಯಾಂಟಿನ ಹೊಲಿಗೆಗೆ ಅಂಟಿಕೊಂಡಂತೆ ಜೋತುಬಿದ್ದಿದೆ, ಅದರ ಬೆರಳುಗಳ ನಡುವೆ ಕಾರ್ಡಿನ ಚೂಪಾದ ಅಂಚು ಇದೆ ಎಂಬುದು ಅವನಿಗೆ ತಿಳಿಯುತ್ತಿತ್ತು. ನಾನು ನಿಂತಿದ್ದೇನಲ್ಲ, ನಿಂತಿರುವುದೇ ಎತ್ತಿದ ಹಾಗಲ್ಲವೇ ಎಂದು ಯಾರೋ ಒಳಗೆ ವಾದ ಮಾಡುತ್ತಿದ್ದರು. ಎತ್ತು ಎಂದು ಕೈಗೆ ಹೇಳಿದ. ಹೇಳಿದನೋ, ಹೇಳಬೇಕೆಂದು ಅಂದುಕೊಂಡನೋ.

"ಒಪ್ಪದವರು."

ಅವರೂ ಕಾರ್ಡು ಎತ್ತಿದರು, ಎದೆಯ ಮಟ್ಟಕ್ಕಷ್ಟೇ, ಕಳ್ಳರ ಹಾಗೆ. ಮಿಸೆಸ್ ಹ್ಯಾಪ್‌ಗುಡ್ ಕಣ್ಣಳತೆಯಲ್ಲೇ ನೋಡಿದಳು. ಒಮ್ಮೆ ತುಟಿ ಕಚ್ಚಿದಳು. "ಒಪ್ಪಿಗೆ ಇಲ್ಲ ಅಂತ ಕಾಣ್ತದೆ." ಕಂಡದ್ದರಲ್ಲಿ ಅನುಮಾನವಿದ್ದರೆ ಎಣಿಸಿ ಎಂದು ಕೇಳುವ ಹಕ್ಕು ಯಾವ ಮತದಾರನಿಗೂ ಉಂಟು, ಅದನ್ನು ಆ ಊರಿನಲ್ಲಿ ಅವನಷ್ಟು ಚೆನ್ನಾಗಿ ಬಲ್ಲವರಿಲ್ಲ. ಅಧ್ಯಕ್ಷೆ ಅವನ ಕಡೆಗೇ ನೋಡುತ್ತ ಒಂದು ಉಸಿರಿನಷ್ಟು ಕಾದಳು ಕೂಡ. ಅವನು ಕೂತುಕೊಂಡ. ಕಲಮು ಪಾಸಾಯಿತು. ಬರ್ಮಾ ಎಂಬ ಹೆಸರನ್ನು ಕೊನೆಯವರೆಗೂ ಯಾರೂ ಎತ್ತಲಿಲ್ಲ. ಗೊಡೆಟ್ ಅವನ ತೊಡೆ ತಟ್ಟಿ, "ನಿನ್ನ ಕೈಲಾದ್ದು ಮಾಡ್ದೆ ಬಿಡು," ಎಂದ.

ಸಭೆ ಮುಗಿದಾಗ ಅವನು ಊಟದ ಕೋಣೆಗೆ ಹೋಗದೆ ಹಿಂದಿನ ಬಾಗಿಲಿನಿಂದ ಕಾರುಗಳ ಬಯಲಿಗೆ ಹೊರಬಿದ್ದ. ತಪ್ಪಿಸಿಕೊಳ್ಳಲೆಂದೇ ಹೊರಬಿದ್ದ. ಅಲ್ಲೇ ಎದುರಿಗೆ, ತನ್ನ ಹಳೆಯ ಕಾರಿನ ಬಾಗಿಲಿಗೆ ಬೀಗದ ಕೈ ಹಾಕುತ್ತ ಸಂದಾ ನಿಂತಿದ್ದಳು. ಕಾರಿನೊಳಗೆ ಡಬ್ಬಗಳು, ಸುತ್ತಿದ ಹಾಸಿಗೆ, ಒಂದು ಅಕ್ಕಿಯ ಚೀಲ.

"ಸಯಾ! ಕೂಗಿದ್ರಿ. ಥ್ಯಾಂಕ್ಸ್. ಅದೇನು ಗಂಟಲು ನಿಮ್ದು, ನಂಗೇ ನಡುಕ ಬಂತು."

"ಸಂದಾ, ನಾನು..."

"ನನ್ನ ಮುಂದೆ ಆ ಎತ್ತರದವನು ಕೂತಿದ್ದ, ಏನೂ ಕಾಣ್ಲಿಲ್ಲ. ನೀವು ಎತ್ತಿರ್ತೀರಿ, ನಂಗೊತ್ತು. ಹೋಗ್ಲಿ ಬಿಡಿ. ಹೊಟ್ಟೆ ಹಸಿದವರಿಗೆ ಮಾತು ಬೇಡ. ನಮ್ಮ ಕಡೆನೂ ಹಂಗೇ."

"ಎಲ್ಲಿಗೆ ಹೊರಟೆ, ಇಷ್ಟೆಲ್ಲ ತುಂಬ್ಕೊಂಡು?"

"ಇಂಡಿಯಾನಾ. ನಮ್ಮ ಜನ ಇದಾರೆ ಅಲ್ಲಿ. ಇವತ್ತು ಮಾತಾಡಿ ಹೋಗೋಣ ಅಂತ ಇಷ್ಟು ದಿನ ನಿಂತಿದ್ದೆ." ಅವಳು ಹೂವನ್ನು ತುರುಬಿನಲ್ಲಿ ಸರಿಮಾಡಿಕೊಂಡಳು. "ಅವರಿಗೆ ಹೇಳಬೇಕು ಅಂತ ಇದ್ದಿದ್ದು ನಿಮಗೇ ಹೇಳ್ತೀನಿ. ನೀವೂ ಅವರಲ್ಲೊಬ್ರೇ ಅಲ್ವಾ?"

ಅವನು ಸಿದ್ಧನಾದ. ಬೆನ್ನು ಕಾರಿಗೆ ಆನಿಸಿದ.

"ಬೇಸಿಗೇಲಿ ಜೈಲಿಂದ ಒಬ್ಬ ಬಿಡುಗಡೆಯಾಗಿ ಗಡಿ ದಾಟಿ ಬಂದ. ನನ್ನ ಗಂಡ ಕೊ ಝೇಯ ಇದ್ದ ಕೋಣೇಲೇ ಇದ್ದವನು. ಫೋನಲ್ಲಿ ಹೇಳ್ದ. ಆ ಕೋಣೇಲಿ ತುಂಬ ಜನ, ಕಿಟಕಿ ಒಂದೇ, ಅದೂ ಮೇಲೆ. ಅದರ ಕೆಳಗೆ ಒಂದು ಮೂಲೇಲಿ ಮಾತ್ರ ಸ್ವಲ್ಪ ಗಾಳಿ ಬರುತ್ತೆ. ಸರದಿ ಪ್ರಕಾರ ಕೂರ್ತಾರೆ. ನಾನು ಕಳಿಸಿದ ಸುದ್ದಿ ಹೆಂಗೋ ಹೋಗಿ ತಲುಪಿತ್ತಂತೆ, ಎಲ್ಲೋ ಒಂದು ಸಣ್ಣ ಊರು, ಅದಕ್ಕೆ ನಾವು ಯಾರು ಅಂತ ಗೊತ್ತಿಲ್ಲ, ಆದ್ರೂ ನಮಗೋಸ್ಕರ ತನ್ನ ಜೇಬು ಮುಚ್ಕೊಂಡಿದೆ ಅಂತ. ಅವತ್ತಿಂದ ಆ ಮೂಲೆಗೆ ಟಿಲ್ಬರಿ ಅಂತಾರಂತೆ, ಸಯಾ. ಇವತ್ತು ಟಿಲ್ಬರಿ ಯಾರ್ದು, ಅಂತ ಕೇಳ್ತಾರಂತೆ. ಅವನಿಗೆ ಜ್ವರ, ಅವನ್ನ ಟಿಲ್ಬರೀಲಿ ಮಲಗ್ಸಿ, ಅಂತಾರಂತೆ."

ಊಟದ ಕೋಣೆಯ ಕಿಟಕಿಯಿಂದ ತಟ್ಟೆಗಳ ಸದ್ದು, ನಗು.

"ಕೊ ಝೇಯನ್ನ ಆಮೇಲೆ ಬೇರೆ ಎಲ್ಲಿಗೋ ಸಾಗಿಸಿದ್ರಂತೆ. ಉತ್ತರದ ಕಡೆ ಅಂತಾರೆ. ಇದಾನೋ ಇಲ್ವೋ, ಹೇಳೋವರಿಲ್ಲ. ಆದ್ರೆ ಆ ಮೂಲೆಗೆ ಈಗ್ಲೂ ಅದೇ ಹೆಸರು. ಕಟ್ಟಳೆ ಹೋದ್ರೆ ಹೋಗ್ಲಿ, ಅದನ್ನ ಯಾರೂ ರದ್ದು ಮಾಡಕ್ಕಾಗಲ್ಲ, ನಿಮಗೆಲ್ಲ ತುಂಬ ಉಪಕಾರ ಆಯ್ತು ಅಂತ ಹೇಳೋದಿತ್ತು. ಅಷ್ಟೇ. ಮೂರು ನಿಮಿಷ ಕೂಡ ಬೇಕಾಗಿರಲಿಲ್ಲ."

ಅವಳು ಎರಡೂ ಕೈ ಜೋಡಿಸಿ, ಮೊದಲ ದಿನದ ಹಾಗೆಯೇ ತಲೆ ಬಾಗಿದಳು. ಅವನಿಗಲ್ಲ, ಅವನ ಬೆನ್ನ ಹಿಂದಿದ್ದ ಶಾಲೆಗೆ, ಊರಿಗೆ. ನಡುವೆ ಅವನು ನಿಂತಿದ್ದುದರಿಂದ ಅದು ಅವನಿಗೆ ಬಿತ್ತು. ಅವನು ಪಕ್ಕಕ್ಕೆ ಸರಿಯಬೇಕೆಂದುಕೊಂಡ. ಸರಿಯಲಾಗಲಿಲ್ಲ. "ಒಳಗೆ ಬಾ," ಎಂದ, ಅಥವಾ ಅನ್ನಲಿಲ್ಲ. "ಅವರಿಗೆ ನೀವು ಹೇಳಿ," ಎಂದಳು ಅವಳು, ಕಾರಿನ ಗಾಜು ಇಳಿಸಿ. "ಮತ ಇರೋವ್ರು ಹೇಳಿದ್ರೆ ಕೇಳ್ತಾರೆ." ಕಾರು ಎಲೆಗಳ ಮೇಲೆ ಹೊರಳಿ, ಅಂಚೆ ಕಚೇರಿಯ ತಿರುವಿನಲ್ಲಿ ಒಮ್ಮೆ ದೀಪ ಮಿನುಗಿಸಿ, ಹೋಯಿತು.

ಊಟದ ಕೋಣೆಯಲ್ಲಿ ಅವನಿಗೆಂದು ಕುರ್ಚಿ ಹಿಡಿದಿದ್ದರು. ಮೇವಿಸ್ ಬೋಗುಣಿಯನ್ನು ಮುಂದಿಟ್ಟಳು. ಅವಳು ಏನನ್ನೂ ಕೇಳಲಿಲ್ಲ. ಎದುರಿಗೆ ಗೊಡೆಟ್, ಪಕ್ಕದಲ್ಲಿ ಮಿಸೆಸ್ ಹ್ಯಾಪ್‌ಗುಡ್, ಅವಳ ಕೈಯಲ್ಲಿ ಮುರಿದ ಬಿಸ್ಕತ್ತು. ಅವನ ಬಾಯೊಳಗೆ ಸಂದಾಳ ಮಾತು ಬಿಸಿಯಾಗಿಯೇ ಇತ್ತು. ಆ ಮುಖಗಳನ್ನು ನೋಡಿದ. ಹೇಳಿದರೆ ಏನಾಗುತ್ತದೆಂದು ಅವನಿಗೆ ಕಾಣುತ್ತಿತ್ತು. ಮೊದಲು ಯಾರೋ ಕಣ್ಣೊರೆಸಿಕೊಳ್ಳುತ್ತಾರೆ, ಆಮೇಲೆ, ಎಂಥ ಒಳ್ಳೆ ಹೆಂಗಸು ನೋಡು, ನಮ್ಮ ಮೇಲೆ ಅವಳಿಗೆ ಬೇಜಾರೇ ಇಲ್ಲ. ಎಲ್ಲರ ಮುಖವೂ ಹಗುರವಾಗುತ್ತದೆ. ಅವನದೂ.

"ಹೊರಗೆ ಸಿಕ್ಕಿದ್ಳಲ್ಲ, ಕಿಟಕೀಲಿ ನೋಡ್ದೆ," ಎಂದ ಗೊಡೆಟ್, ಚಮಚ ಕೆಳಗಿಟ್ಟು. ಆ ಊರಿನಲ್ಲಿ ಯಾರೂ ಯಾರನ್ನೂ ಕೇಳದ ಪ್ರಶ್ನೆಯನ್ನು ಅವನು ತಡೆಯಲಾರದೆ ಕೇಳಿಬಿಟ್ಟ. "ಏನಂದ್ಳು? ಬೈದ್ಳಾ?"

ಇಡೀ ಮೇಜು ಅವನ ಕಡೆ ತಿರುಗಿತು.

"ಹೌದು," ಎಂದ ಆಲ್ಡೆನ್. "ಬೈದಳು."

ಗೊಡೆಟ್ ತಲೆಯಾಡಿಸಿದ. "ಬೈಲಿ. ಬೈಯೋ ಹಕ್ಕಿದೆ ಅವಳಿಗೆ," ಎಂದು ಮತ್ತೆ ಚಮಚ ಎತ್ತಿಕೊಂಡ. ಮಿಸೆಸ್ ಹ್ಯಾಪ್‌ಗುಡ್ ಬಿಸ್ಕತ್ತಿನ ಪುಡಿಯನ್ನು ಒಂದೊಂದಾಗಿ ಒತ್ತಿ ಬೆರಳಿಗೆ ಅಂಟಿಸಿಕೊಳ್ಳುತ್ತಿದ್ದಳು. ಆಲ್ಡೆನ್ ಚೌಡರಿನ ಮೇಲೆ ಕಟ್ಟುತ್ತಿದ್ದ ಕೆನೆಯನ್ನು ನೋಡುತ್ತ ಕೂತ. ಅವಳು ಊರಿಗೆಂದು ಕೊಟ್ಟದ್ದು ಈಗ ಅವನೊಬ್ಬನ ಹತ್ತಿರ ಇತ್ತು. ಅದನ್ನು ಇವರಿಂದ ಕಾಪಾಡಿದೆನೋ ಇವರಿಂದ ಕದ್ದೆನೋ ಅವನಿಗೆ ತಿಳಿಯಲಿಲ್ಲ. ಕೇಳುವವರಂತೂ ಯಾರೂ ಇರಲಿಲ್ಲ.